ತೀರಾ ಸೊರಗಿದ ಮಗುವಿನ ಕಣ್ಣು: ನೋಡುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಮಗು ಮೂಳೆ ಚಕ್ಕಳ ಆಗಿದೆ, ಜೊತೆಗೆ ಹಗಲು ಹೊತ್ತಿನಲ್ಲೂ ಕಣ್ಣು ಮುಚ್ಚಿಕೊಂಡೇ ಇರುತ್ತದೆ ಅಂತಾದರೆ ಇದನ್ನು ಓದುತ್ತಾ ಕೂರಬೇಡಿ. ಇವತ್ತೇ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಬಹುದು.

ಈ ಬರಹ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಅಂಗನವಾಡಿ ಟೀಚರ್‌ಗಳಿಗೆ, ಆಶಾ ಅಕ್ಕಂದಿರಿಗೆ, ಮತ್ತೆ ಸೊರಗಿದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಏನು ಮಾಡಬೇಕು ಅಂತ ತೋಚದ ತಾಯಂದಿರಿಗೆ. ಅಪೌಷ್ಟಿಕತೆ ಅಂದಕೂಡಲೇ ಎಲ್ಲರೂ ತೂಕ ನೋಡುತ್ತಾರೆ, ತೋಳು ಅಳೆಯುತ್ತಾರೆ. ಕಣ್ಣು ನೋಡುವವರು ಕಡಿಮೆ. ತೂಕವನ್ನು ಎರಡು ತಿಂಗಳಲ್ಲಿ ವಾಪಸ್ ತರಬಹುದು, ಅಲ್ವಾ? ಕರಗಿ ಹೋದ ಕಣ್ಣನ್ನು ತರೋಕೆ ಆಗಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಣ್ಣಿಗೆ ತೊಂದರೆ ಯಾಕೆ ಬರುತ್ತದೆ

ಮುಖ್ಯ ಕಾರಣ ವಿಟಮಿನ್ ಎ ಕೊರತೆ. ಮಬ್ಬು ಬೆಳಕಲ್ಲಿ ನೋಡೋಕೆ ಇದು ಬೇಕು. ಕಣ್ಣಿನ ಮೇಲ್ಪದರ ಒದ್ದೆಯಾಗಿ, ಗಟ್ಟಿಯಾಗಿ ಇರೋಕೂ ಇದೇ ಬೇಕು. ನಮ್ಮ ದೇಹ ಇದನ್ನು ಲಿವರ್‌ನಲ್ಲಿ ಕೂಡಿಡುತ್ತದೆ. ಅಲ್ಲಿಂದ ಕಣ್ಣಿಗೆ ಹೊತ್ತು ತರೋದು ಒಂದು ಬಗೆಯ ಪ್ರೋಟೀನ್. ತೀರಾ ಸೊರಗಿದ ಮಗುವಿನಲ್ಲಿ ಕೂಡಿಟ್ಟದ್ದೂ ಖಾಲಿ, ಹೊತ್ತು ತರುವ ಪ್ರೋಟೀನೂ ಕಡಿಮೆ. ಎರಡೂ ಕಡೆಯಿಂದ ಹೊಡೆತ.

ಇದರ ಮೇಲೆ ದಡಾರ ಬಂದರೆ, ಅಥವಾ ವಾರಗಟ್ಟಲೆ ಭೇದಿ ಆದರೆ, ಉಳಿದ ಅಷ್ಟಿಷ್ಟೂ ಬೇಗ ಮುಗಿಯುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಕಣ್ಣು ದಡಾರ ಆದ ಕೆಲವೇ ದಿನಗಳಲ್ಲಿ ಹೋಗಬಹುದು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸೊರಗಿದ ಮಗುವಿಗೆ ವಿಟಮಿನ್ ಎ ಕೊಡದೆ ಬರೀ ಹೊಟ್ಟೆ ತುಂಬ ಉಣಿಸೋಕೆ ಶುರು ಮಾಡಿದರೆ ಕಣ್ಣು ಇನ್ನೂ ಕೆಡಬಹುದು. ಬೆಳೆಯೋಕೆ ಶುರುವಾದ ಮೈಗೆ ವಿಟಮಿನ್ ಎ ಹೆಚ್ಚು ಬೇಕಾಗುತ್ತದೆ. ಇರುವ ಚೂರೂ ಅಲ್ಲಿಗೇ ಖರ್ಚಾಗುತ್ತದೆ. ಆದ್ದರಿಂದ ಊಟ ಮತ್ತು ವಿಟಮಿನ್ ಎ ಒಟ್ಟಿಗೇ ಸಾಗಬೇಕು.

ಕಣ್ಣು ಕಳೆದುಕೊಳ್ಳುವುದು ಮಾತ್ರ ಅಲ್ಲ ಇಲ್ಲಿನ ಭಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ವಿಟಮಿನ್ ಎ ಕೊರತೆಯಿಂದ ಕುರುಡಾಗುವ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳು ಒಂದು ವರ್ಷದೊಳಗೆ ಸಾಯುತ್ತಾರೆ. ಕಣ್ಣಲ್ಲಿ ಕಾಣುವ ತೊಂದರೆ ಇಡೀ ಮೈ ಕುಸಿಯುತ್ತಿದೆ ಅನ್ನೋದರ ಗುರುತು.

ಹೆಜ್ಜೆ 1: ಮಗು ಎಷ್ಟು ಸೊರಗಿದೆ ಅಂತ ಅಳೆಯಿರಿ

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುಭಾಗಕ್ಕೆ ಅಳತೆ ಪಟ್ಟಿ ಸುತ್ತಿ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ, ಅಂದರೆ ಪಟ್ಟಿ ಕೆಂಪು ತೋರಿಸಿದರೆ, ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿಯಲ್ಲಿ ಸ್ಯಾಮ್ ಅನ್ನುವುದು ಇದಕ್ಕೇ.

ಆಮೇಲೆ ಎರಡೂ ಪಾದದ ಮೇಲ್ಭಾಗವನ್ನು ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಉಳಿದರೆ ಅದು ಬಾವು. ಬಾವು ಇರುವ ಮಗು ಗುಂಡಗೆ ಕಾಣುತ್ತದೆ, ಮುಖ ಉಬ್ಬಿರುತ್ತದೆ. ಮನೆಯವರು ‘ಮಗು ಮೈ ತುಂಬಿಕೊಂಡಿದೆ’ ಅಂತ ಖುಷಿಪಡುವುದೂ ಉಂಟು. ಆದರೆ ಎರಡೂ ಪಾದದಲ್ಲಿ ಬಾವು ಇದ್ದರೆ ತೋಳಿನ ಅಳತೆ ಎಷ್ಟೇ ಇರಲಿ, ಅದೂ ತೀವ್ರ ಅಪೌಷ್ಟಿಕತೆಯೇ. ಇಂಥ ಮಗುವಿನ ರೆಪ್ಪೆಯೂ ಊದಿಕೊಂಡು ಕಣ್ಣು ಮುಚ್ಚಿರುತ್ತದೆ. ಒಳಗೆ ಏನಾಗಿದೆ ಅನ್ನೋದು ಸುಲಭಕ್ಕೆ ಕಾಣಲ್ಲ.

ಹೆಜ್ಜೆ 2: ತಾಯಿಯನ್ನು ಕೇಳಿ

ಕಣ್ಣು ಮುಟ್ಟುವ ಮೊದಲು ಮಾತಾಡಿ. ‘ನಿಮ್ಮ ಮಗುವಿಗೆ ಇರುಳುಗುರುಡು ಇದೆಯಾ?’ ಅಂತ ನೇರವಾಗಿ ಕೇಳಿದರೆ ‘ಇಲ್ರೀ’ ಅಂದುಬಿಡುತ್ತಾರೆ. ಬೇರೆ ಥರ ಕೇಳಿ: ‘ಯವ್ವಾ, ಹೊತ್ತು ಮುಳುಗಿದ ಮೇಲೆ ಮಗು ಓಡಾಡುತ್ತಾ, ಇಲ್ಲ ಒಂದೇ ಕಡೆ ಕೂತುಬಿಡುತ್ತಾ? ಹೊಸ್ತಿಲು ಎಡವುತ್ತಾ? ತಟ್ಟೆಯಲ್ಲಿ ಇರೋ ತುತ್ತು ಹುಡುಕೋಕೆ ತಡಕಾಡುತ್ತಾ? ಓಣಿ ಹುಡುಗರು ಸಂಜೆ ಆಡುವಾಗ ಇವನೊಬ್ಬನೇ ನಿಮ್ಮ ಸೆರಗು ಹಿಡಿದು ನಿಲ್ಲುತ್ತಾನಾ?’ ಇದರಲ್ಲಿ ಒಂದಕ್ಕೆ ಹೌದು ಬಂದರೂ ಇರುಳುಗುರುಡು ಇದೆ ಅಂತಲೇ ಇಟ್ಟುಕೊಳ್ಳಿ.

ಇನ್ನೂ ನಡೆಯದ ಕೂಸಿನಲ್ಲಿ ಇದು ಗೊತ್ತಾಗಲ್ಲ. ಹಾಗಾಗಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ‘ಇರುಳುಗುರುಡು ಇಲ್ಲ’ ಅನ್ನುವ ಉತ್ತರವನ್ನು ನೆಚ್ಚಿಕೊಳ್ಳಬೇಡಿ.

ಕಳೆದ ಮೂರು ತಿಂಗಳಲ್ಲಿ ದಡಾರ ಆಗಿತ್ತಾ ಅಂತ ಕೇಳಿ. ಕೆಲವರು ಗೊಬ್ಬರ ಅನ್ನುತ್ತಾರೆ, ಕೆಲವರು ಅಮ್ಮ ಬಂದಿತ್ತು ಅನ್ನುತ್ತಾರೆ. ದೇವರ ಹೆಸರು ಹೇಳಿದ್ದಕ್ಕೆ ಬೈಯಬೇಡಿ. ಬೈದರೆ ಮುಂದಿನ ಸಲ ಅವರು ಬಾಯಿ ಬಿಡಲ್ಲ. ಭೇದಿ, ಕೆಮ್ಮು, ಎದೆಹಾಲು ಬಿಟ್ಟದ್ದು ಯಾವಾಗ, ಕಣ್ಣಿಗೆ ಮನೆಯಲ್ಲಿ ಏನಾದರೂ ಹಾಕಿದ್ದಾರಾ, ಇದೆಲ್ಲ ಕೇಳಿ ಬರೆದುಕೊಳ್ಳಿ. ತಾಯಿ ಕಾರ್ಡ್ ತೆಗೆಸಿ ಕೊನೆಯ ವಿಟಮಿನ್ ಎ ಡೋಸ್ ಯಾವಾಗ ಆಗಿದೆ ಅಂತ ನೋಡಿ.

ಹೆಜ್ಜೆ 3: ಕಣ್ಣು ತೆರೆಸುವ ಬಗೆ

ಇಲ್ಲಿ ಆತುರ ಬೇಡ. ಕರಿಗುಡ್ಡೆಯ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ, ಅದೇ ಕಾರ್ನಿಯಾ. ವಿಟಮಿನ್ ಎ ತೀರಾ ಕಡಿಮೆಯಾದಾಗ ಅದು ಮೆತ್ತಗಾಗುತ್ತದೆ. ಅಂಥ ಕಣ್ಣನ್ನು ಒತ್ತಿದರೆ ಅಲ್ಲೇ ಒಡೆದು ಒಳಗಿನದು ಹೊರಗೆ ಬರಬಹುದು. ನೋಡೋಕೆ ಹೋಗಿ ನಾವೇ ಕಣ್ಣು ಕಳೆದ ಹಾಗಾಗುತ್ತದೆ.

ಸೋಪು ಹಚ್ಚಿ ಕೈ ತೊಳೆಯಿರಿ. ಮಗುವನ್ನು ತಾಯಿಯ ತೊಡೆ ಮೇಲೆ ಮಲಗಿಸಿ. ನೇರ ಬಿಸಿಲು ಬೇಡ, ಕತ್ತಲ ಕೋಣೆಯೂ ಬೇಡ. ಪಡಸಾಲೆಯ ನೆರಳಲ್ಲಿ, ಹಗಲು ಬೆಳಕು ಬೀಳುವ ಕಡೆ ಕೂರಿಸಿ. ಮೊದಲು ಸುಮ್ನೆ ಕಾಯಿರಿ. ತಾಯಿ ಎದೆಗೆ ಹಾಕಿಕೊಂಡು ಸಮಾಧಾನ ಮಾಡಿದರೆ ಎಷ್ಟೋ ಮಕ್ಕಳು ತಾವೇ ಕಣ್ಣು ಬಿಡುತ್ತವೆ. ಬಿಡದಿದ್ದರೆ ಮೇಲಿನ ರೆಪ್ಪೆಯನ್ನು ಹುಬ್ಬಿನ ಮೂಳೆಯ ಕಡೆಗೆ, ಕೆಳಗಿನದನ್ನು ಕೆನ್ನೆಯ ಮೂಳೆಯ ಕಡೆಗೆ ಹಗುರವಾಗಿ ಸರಿಸಿ. ನಿಮ್ಮ ಬೆರಳಿನ ಭಾರ ಮೂಳೆಯ ಮೇಲೆ ಇರಬೇಕು, ಗುಡ್ಡೆಯ ಮೇಲೆ ಒಂದಿಷ್ಟೂ ಬೀಳಬಾರದು. ಪಿಸುರು ಅಂಟಿ ರೆಪ್ಪೆ ಕೂಡಿಕೊಂಡಿದ್ದರೆ ಕುದಿಸಿ ಆರಿಸಿದ ನೀರಲ್ಲಿ ಹತ್ತಿ ನೆನೆಸಿ ರೆಪ್ಪೆಯ ಮೇಲೆ ಇಟ್ಟು ಮೆತ್ತಗಾಗಲು ಬಿಡಿ. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ.

ಮಗು ತುಂಬಾ ಬಿಗಿಯಾಗಿ ಮುಚ್ಚಿಕೊಂಡರೆ ಬಿಟ್ಟುಬಿಡಿ. ಬಲವಂತ ಮಾಡಬೇಡಿ. ಬೆಳಕಿಗೆ ಕಣ್ಣು ಬಿಡಲಾರದೆ ಮುಚ್ಚಿಕೊಳ್ಳುವುದೇ ಅಪಾಯದ ಗುರುತು. ಆಸ್ಪತ್ರೆಗೆ ಕಳಿಸೋಕೆ ಅಷ್ಟು ಸಾಕು.

ಹೆಜ್ಜೆ 4: ಕಂಡದ್ದನ್ನು ಅರ್ಥ ಮಾಡಿಕೊಳ್ಳಿ

ತೊಂದರೆ ಸಾಮಾನ್ಯವಾಗಿ ಬಿಳಿಗುಡ್ಡೆಯಲ್ಲಿ ಶುರುವಾಗಿ ಕರಿಗುಡ್ಡೆಗೆ ಬರುತ್ತದೆ. ಆದರೆ ತೀರಾ ಸೊರಗಿದ ಮಗುವಿನಲ್ಲಿ ನಡುವಿನ ಹಂತಗಳು ಕಾಣದೆ ನೇರ ಕರಿಗುಡ್ಡೆಗೇ ಬರಬಹುದು. ‘ಇನ್ನೂ ಚುಕ್ಕೆ ಬಂದಿಲ್ಲ, ಪರವಾಗಿಲ್ಲ’ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಆರೋಗ್ಯವಾದ ಬಿಳಿಗುಡ್ಡೆ ಒದ್ದೆಯಾಗಿ ಹೊಳೆಯುತ್ತದೆ. ಕೊರತೆ ಶುರುವಾದಾಗ ಹೊಳಪು ಹೋಗಿ ಒಣಗಿದ ಹಾಗೆ, ಸಣ್ಣ ಸುಕ್ಕು ಬಿದ್ದ ಹಾಗೆ ಆಗುತ್ತದೆ. ಆಮೇಲೆ ಕಿವಿಯ ಕಡೆಗಿನ ಬಿಳಿಗುಡ್ಡೆಯಲ್ಲಿ, ಕರಿಗುಡ್ಡೆಯ ಅಂಚಿಗೆ, ಸೋಪಿನ ನೊರೆ ಒಣಗಿ ಅಂಟಿದಂತೆ ಬೆಳ್ಳಗಿನ ಮುಕ್ಕೋನದ ಮಚ್ಚೆ ಕಾಣುತ್ತದೆ. ಇದಕ್ಕೆ ಬಿಟಾಟ್ ಚುಕ್ಕೆ ಅಂತ ಹೆಸರು. 1863ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಬಿಟಾಟ್ ಅವರ ಹೆಸರನ್ನೇ ಇಟ್ಟಿದ್ದಾರೆ. ಇದು ನೋಯಲ್ಲ, ತುರಿಸಲ್ಲ. ಅದಕ್ಕೇ ಮನೆಯವರ ಗಮನಕ್ಕೆ ಬರಲ್ಲ.

ಇಷ್ಟರಲ್ಲೇ ಹಿಡಿದರೆ ದೃಷ್ಟಿ ಪೂರ್ತಿ ಉಳಿಯುತ್ತದೆ.

ಮುಂದಿನ ಹಂತದಲ್ಲಿ ಕರಿಗುಡ್ಡೆ ಮಂಕಾಗುತ್ತದೆ. ಹೊಳಪಿಲ್ಲ, ಮಂಜು ಕವಿದ ಹಾಗೆ. ಅಲ್ಲಿಂದ ಮುಂದೆ ಹುಣ್ಣು, ಗುಳಿ, ಆಮೇಲೆ ಕಾರ್ನಿಯಾ ಮೆತ್ತಗಾಗಿ ಕರಗುವುದು. ಮಂಕಾದ ಕಣ್ಣು ಕರಗೋಕೆ ಕೆಲವೊಮ್ಮೆ ಒಂದು ದಿನವೂ ಬೇಡ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಈ ಹಂತದಲ್ಲೂ ಕಣ್ಣು ಕೆಂಪಗೆ ಇಲ್ಲದಿರಬಹುದು, ಮಗು ಅಳದೆಯೂ ಇರಬಹುದು. ಸೊರಗಿದ ಮೈಗೆ ಊತ, ಕೆಂಪು ತರುವ ಶಕ್ತಿಯೂ ಇರಲ್ಲ. ‘ಕೆಂಪಿಲ್ಲ, ನೀರು ಸುರಿಯುತ್ತಿಲ್ಲ, ನಾಳೆ ನೋಡೋಣ’ ಅಂದುಕೊಂಡರೆ ಕೆಟ್ಟಿತು.

ಕಣ್ಣಿನ ಎಲ್ಲ ತೊಂದರೆಯೂ ವಿಟಮಿನ್ ಎ ಕೊರತೆಯಲ್ಲ. ಪಿಸುರು, ಕೀವು ಇದ್ದರೆ ಸೋಂಕು, ಎರಡೂ ಒಟ್ಟಿಗೆ ಇರಬಹುದು. ಕೆಳರೆಪ್ಪೆಯ ಒಳಗೆ ಬೆಳ್ಳಗಿದ್ದರೆ ರಕ್ತ ಕಡಿಮೆ. ಕಣ್ಣು ಗುಳಿ ಬಿದ್ದಿದ್ದರೆ ನೀರು ಕಡಿಮೆಯಾಗಿರಬಹುದು. ಆದರೆ ಕೊಬ್ಬು ಕರಗಿದ ಮಗುವಿಗೆ ನೀರು ಸರಿಯಾಗಿದ್ದರೂ ಕಣ್ಣು ಗುಳಿ ಬೀಳುತ್ತದೆ. ಹಾಗಾಗಿ ಅದೊಂದನ್ನೇ ನಂಬಬೇಡಿ. ಮಗು ಕಣ್ಣು ಅರ್ಧ ತೆರೆದುಕೊಂಡೇ ಮಲಗುತ್ತಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಆಗ ಎಬ್ಬಿಸಿ ಸಕ್ಕರೆ ನೀರು ಕುಡಿಸಿ. ಒಂದು ಟೀ ಚಮಚ ಸಕ್ಕರೆಗೆ ಸುಮಾರು 50 ಎಂಎಲ್ ಕುದಿಸಿ ಆರಿಸಿದ ನೀರು. ಎಚ್ಚರ ಇಲ್ಲದ ಮಗುವಿನ ಬಾಯಿಗೆ ಮಾತ್ರ ಏನೂ ಹಾಕಬೇಡಿ.

ಹೆಜ್ಜೆ 5: ಕಣ್ಣಿಗೆ ಏನೂ ಹಾಕಬೇಡಿ

ಎದೆಹಾಲು, ಜೇನು, ಹರಳೆಣ್ಣೆ, ಕಾಡಿಗೆ, ಈರುಳ್ಳಿ ರಸ, ಯಾವುದೋ ಸೊಪ್ಪಿನ ರಸ, ಯಾವುದೂ ಬೇಡ. ಎಕ್ಕದ ಹಾಲಂತೂ ಚೆನ್ನಾಗಿರುವ ಕಣ್ಣನ್ನೂ ಸುಡುತ್ತದೆ. ಅಜ್ಜಿಯರು ಇದನ್ನೆಲ್ಲ ಪ್ರೀತಿಯಿಂದಲೇ ಮಾಡುತ್ತಾರೆ. ಅವರ ಮೇಲೆ ಕೂಗಾಡಬೇಡಿ. ‘ಅಜ್ಜಿ, ಈ ಕಣ್ಣಿನ ಸಿಪ್ಪೆ ಈಗ ಬಹಳ ತೆಳ್ಳಗಾಗಿದೆ, ಏನು ಬಿದ್ದರೂ ತೂತಾಗುತ್ತೆ’ ಅಂತ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಮೆಡಿಕಲ್ ಶಾಪಿನಿಂದ ನೀವೇ ಡ್ರಾಪ್ಸ್ ತರುವುದೂ ಬೇಡ. ಕೆಲವು ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ. ಹುಣ್ಣಾದ ಕಾರ್ನಿಯಾಕ್ಕೆ ಅದು ಬಿದ್ದರೆ ಹುಣ್ಣು ಬೇಗ ಹರಡುತ್ತದೆ.

ಹೆಜ್ಜೆ 6: ವಿಟಮಿನ್ ಎ, ಅದೇ ದಿನ

ಕಣ್ಣಲ್ಲಿ ಯಾವುದೇ ಗುರುತು ಕಂಡರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸ್ ಆಗಲಿ, ಆಮೇಲೆ ಜಿಲ್ಲಾ ಆಸ್ಪತ್ರೆ. ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಕೊಡಲಿ ಅಂತ ಕಾದರೆ ಅರ್ಧ ದಿನ ಹೋಯಿತು. ಡೋಸ್ ಕೊಡಬೇಕಾದವರು ವೈದ್ಯರು ಅಥವಾ ನರ್ಸ್. ಆದರೆ ಲೆಕ್ಕ ನಿಮಗೂ ಗೊತ್ತಿರಲಿ:

ಆರು ತಿಂಗಳೊಳಗಿನ ಕೂಸಿಗೆ 50,000 ಐಯು (ಐಯು ಅಂದರೆ ವಿಟಮಿನ್ ಅಳೆಯುವ ಲೆಕ್ಕ). ಆರರಿಂದ ಹನ್ನೆರಡು ತಿಂಗಳಿಗೆ 1 ಲಕ್ಷ ಐಯು. ವರ್ಷ ದಾಟಿದ ಮಗುವಿಗೆ 2 ಲಕ್ಷ ಐಯು. ವರ್ಷ ದಾಟಿದ್ದರೂ ತೂಕ 8 ಕಿಲೋಗಿಂತ ಕಡಿಮೆ ಇದ್ದರೆ 1 ಲಕ್ಷ ಮಾತ್ರ. ಸರ್ಕಾರಿ ಸಿರಪ್‌ನಲ್ಲಿ 1 ಎಂಎಲ್‌ಗೆ 1 ಲಕ್ಷ ಐಯು ಇರುತ್ತದೆ. ಅಳೆಯೋಕೆ ಬಾಟಲಿಯ ಜೊತೆ ಬಂದ ಚಮಚವನ್ನೇ ಬಳಸಬೇಕು.

ಇದನ್ನು ಮೂರು ಸಲ ಕೊಡಬೇಕು: ಮೊದಲ ದಿನ, ಮರುದಿನ, ಮತ್ತೆ ಎರಡು ವಾರ ಆದ ಮೇಲೆ. ಮೂರನೆಯದೇ ಜಾಸ್ತಿ ತಪ್ಪುವುದು. ಅಷ್ಟೊತ್ತಿಗೆ ಮಗು ಚೇತರಿಸಿಕೊಂಡು ಮನೆಗೆ ಬಂದಿರುತ್ತದೆ, ತಾಯಿ ಕೂಲಿಗೆ ಹೋಗಿರುತ್ತಾಳೆ. ಆಶಾ ಅಕ್ಕ ಆ ತಾರೀಖನ್ನು ತನ್ನ ಡೈರಿಯಲ್ಲೂ ತಾಯಿ ಕಾರ್ಡ್‌ನಲ್ಲೂ ಬರೆದಿಡಬೇಕು. ಲಿವರ್‌ನಲ್ಲಿ ಮತ್ತೆ ಕೂಡಿಟ್ಟುಕೊಳ್ಳೋಕೆ ಈ ಮೂರನೇ ಡೋಸ್ ಬೇಕೇ ಬೇಕು.

‘ಹೋದ ತಿಂಗಳು ತಾನೇ ಕೊಟ್ಟಿದ್ದೇವೆ’ ಅಂತ ಯಾರಾದರೂ ಹೇಳಿದರೆ, ಕಣ್ಣಲ್ಲಿ ಗುರುತು ಇದೆ ಅಂತ ವಿನಯವಾಗಿ ತೋರಿಸಿ. ಗುರುತು ಇದ್ದಾಗ ಹಿಂದಿನ ಡೋಸ್ ಅಡ್ಡ ಬರಬಾರದು. ಕಣ್ಣಲ್ಲಿ ಏನೂ ಇಲ್ಲದ ಸೊರಗಿದ ಮಗುವಿಗೆ ಎಷ್ಟು, ಯಾವಾಗ ಅನ್ನೋದನ್ನು ವೈದ್ಯರೇ ತೀರ್ಮಾನಿಸಲಿ. ಈ ಔಷಧಿ ಹೆಚ್ಚಾದರೂ ತೊಂದರೆಯೇ. ವಾಂತಿ ಆಗುತ್ತದೆ, ತಲೆನೋವು ಬರುತ್ತದೆ, ಕೂಸಿನ ನೆತ್ತಿ ಉಬ್ಬುತ್ತದೆ. ಮನೆಯಲ್ಲಿ ಬಾಟಲಿ ಇಟ್ಟುಕೊಂಡು ಮನಸ್ಸಿಗೆ ಬಂದ ಹಾಗೆ ಕುಡಿಸುವುದು ಬೇಡ.

ಹೆಜ್ಜೆ 7: ಆಸ್ಪತ್ರೆಗೆ ಹೊರಡುವಾಗ

108ಕ್ಕೆ ಫೋನ್ ಮಾಡಿ. ಚೀಟಿಯಲ್ಲಿ ತೋಳಿನ ಅಳತೆ, ಬಾವು ಇದೆಯಾ, ಯಾವ ಕಣ್ಣಲ್ಲಿ ಏನು ಕಂಡಿತು, ವಿಟಮಿನ್ ಎ ಎಷ್ಟು ಗಂಟೆಗೆ ಎಷ್ಟು ಕೊಟ್ಟರು, ಇಷ್ಟು ಬರೆದಿರಲಿ. ಮಗುವನ್ನು ಬೆಚ್ಚಗೆ ಸುತ್ತಿ ತಾಯಿಯ ಎದೆಗೆ ಒತ್ತಿಕೊಂಡಿರಲಿ. ಎದೆಹಾಲು ನಿಲ್ಲಿಸಬೇಡಿ, ಎರಡು ಗಂಟೆಗೊಮ್ಮೆ ಏನಾದರೂ ಹೊಟ್ಟೆಗೆ ಹೋಗಲಿ. ಮುಖಕ್ಕೆ ಬಿಸಿಲು, ಗಾಳಿ ಬಡಿಯದ ಹಾಗೆ ಸೆರಗು ಮರೆ ಮಾಡಿ. ಆದರೆ ಕಣ್ಣಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಮಗು ಕೈಯಿಂದ ಕಣ್ಣು ಉಜ್ಜದಂತೆ ನೋಡಿಕೊಳ್ಳಿ.

ದಾರಿಯಲ್ಲಿ ಯಾವುದಾದರೂ ಕ್ಲಿನಿಕ್‌ಗೆ ನುಗ್ಗಿ ‘ಒಂದು ಗ್ಲೂಕೋಸ್ ಬಾಟಲಿ ಏರಿಸಿ’ ಅಂತ ಒತ್ತಾಯ ಮಾಡಬೇಡಿ. ತೀರಾ ಸೊರಗಿದ ಮಗುವಿನ ಹೃದಯ ಅಷ್ಟು ನೀರನ್ನು ತಡೆಯಲ್ಲ. ಭೇದಿ ಇದ್ದರೂ ಓಆರ್‌ಎಸ್ ಎಷ್ಟು ಅಂತ ಕೇಳಿಕೊಂಡೇ ಕುಡಿಸಿ.

ಎಲ್ಲಿಗೆ ಹೋಗಬೇಕು? ದಾವಣಗೆರೆ ಕಡೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಅಂದರೆ ಜನ ಸಿ.ಜಿ. ಆಸ್ಪತ್ರೆ ಅನ್ನುತ್ತಾರಲ್ಲ, ಅದು. ದುರ್ಗದ ಕಡೆಯವರಿಗೆ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆ. ಮಕ್ಕಳ ವಿಭಾಗದಲ್ಲಿ ಎನ್‌ಆರ್‌ಸಿ, ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರ ಎಲ್ಲಿದೆ ಅಂತ ಕೇಳಿ. ‘ಕಣ್ಣಿನ ಡಾಕ್ಟರೂ ಇವತ್ತೇ ನೋಡಬೇಕು’ ಅಂತ ಬಾಯಿ ಬಿಟ್ಟು ಹೇಳಿ. ಬರೀ ಕಣ್ಣಿನ ವಿಭಾಗಕ್ಕೆ ತೋರಿಸಿ ಮನೆಗೆ ಬಂದರೆ ಸಾಲದು, ಮೈಯನ್ನೂ ಗುಣ ಮಾಡಬೇಕು.

ಹೆಜ್ಜೆ 8: ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ತಾಯಿಗೆ ಇದು ಮೊದಲೇ ಗೊತ್ತಿದ್ದರೆ ಹೆದರಿಕೆ ಕಡಿಮೆ. ಸೋಂಕು ತಡೆಯೋಕೆ ಆಂಟಿಬಯಾಟಿಕ್ ಡ್ರಾಪ್ಸ್ ಅಥವಾ ಮುಲಾಮನ್ನು ದಿನಕ್ಕೆ ಹಲವು ಸಲ, ಏಳರಿಂದ ಹತ್ತು ದಿನ ಹಾಕುತ್ತಾರೆ. ಕರಿಗುಡ್ಡೆ ಮಂಕಾಗಿದ್ದರೆ, ಹುಣ್ಣಾಗಿದ್ದರೆ ಅಟ್ರೋಪಿನ್ ಅನ್ನುವ ಡ್ರಾಪ್ಸ್ ಕೂಡ ಹಾಕುತ್ತಾರೆ. ಅದರಿಂದ ಕಣ್ಣಿನ ಪಾಪೆ ಕೆಲವು ದಿನ ದೊಡ್ಡದಾಗಿಯೇ ಕಾಣುತ್ತದೆ, ಗಾಬರಿ ಬೇಡ. ಉಪ್ಪುನೀರಲ್ಲಿ ನೆನೆಸಿದ ಪ್ಯಾಡ್ ಇಟ್ಟು ಕಣ್ಣು ಮುಚ್ಚಿಡಬಹುದು.

ಊಟಕ್ಕೆ ಮೊದಲು ಎಫ್-75 ಅನ್ನುವ ತೆಳ್ಳಗಿನ ಹಾಲು, ಸ್ವಲ್ಪ ಸ್ವಲ್ಪ, ರಾತ್ರಿಯೂ ಸೇರಿ. ‘ಇಷ್ಟೇ ಇಷ್ಟು ಕೊಡುತ್ತಾರೆ’ ಅಂತ ತಾಯಂದಿರು ನೊಂದುಕೊಳ್ಳುತ್ತಾರೆ. ಮೊದಲ ದಿನಗಳಲ್ಲಿ ಜಾಸ್ತಿ ಕೊಟ್ಟರೆ ಮಗುವಿನ ಮೈ ತಡೆಯಲ್ಲ, ಅದಕ್ಕೇ ಹಾಗೆ. ಆಮೇಲೆ ಎಫ್-100 ಬರುತ್ತದೆ, ಮಗು ತೂಕ ಹಿಡಿಯುತ್ತದೆ. ಒಟ್ಟು ಸುಮಾರು ಎರಡು ವಾರ ಇರಬೇಕಾಗುತ್ತದೆ. ಜೊತೆಗಿರುವ ತಾಯಿಗೆ ಕೂಲಿ ನಷ್ಟಕ್ಕೆ ಹಣ ಕೊಡುವ ವ್ಯವಸ್ಥೆ ಎನ್‌ಆರ್‌ಸಿಯಲ್ಲಿ ಇದೆ. ಮನೆಯಲ್ಲಿ ಇನ್ನೊಂದು ಕೂಸು, ದನ, ಕುರಿ ಬಿಟ್ಟು ಬಂದ ತಾಯಿ ಮೂರನೇ ದಿನಕ್ಕೇ ಹೊರಡುತ್ತೇನೆ ಅನ್ನುವುದು ಸಹಜ. ಅವಳನ್ನು ಉಳಿಸಿಕೊಳ್ಳೋಕೆ ಗಂಡನ ಜೊತೆ, ಅತ್ತೆಯ ಜೊತೆ ಮಾತಾಡಬೇಕಾದವರು ಊರಲ್ಲಿರುವ ನಾವು.

ಇರುಳುಗುರುಡು ಡೋಸ್ ಕೊಟ್ಟ ಒಂದೆರಡು ದಿನದಲ್ಲೇ ಹೋಗುತ್ತದೆ. ಬಿಟಾಟ್ ಚುಕ್ಕೆ ಕೆಲವು ಮಕ್ಕಳಲ್ಲಿ ಚಿಕಿತ್ಸೆ ಆದ ಮೇಲೂ ಉಳಿಯಬಹುದು. ಅದು ಉಳಿಯಿತು ಅಂತ ಮತ್ತೆ ಮತ್ತೆ ಡೋಸ್ ಬೇಡ. ಕರಿಗುಡ್ಡೆಯಲ್ಲಿ ಬಿಳಿ ಕಲೆ ಉಳಿದರೆ ಕಣ್ಣಿನ ವೈದ್ಯರ ಹತ್ತಿರ ತೋರಿಸುತ್ತಲೇ ಇರಿ. ಚಿಕ್ಕ ವಯಸ್ಸಲ್ಲಿ ಒಂದು ಕಣ್ಣು ಬಳಕೆ ತಪ್ಪಿದರೆ ಅದರ ನೋಟ ಸೋಮಾರಿಯಾಗಿಬಿಡುತ್ತದೆ.

ಹೆಜ್ಜೆ 9: ಮನೆಗೆ ಬಂದ ಮೇಲೆ ತಟ್ಟೆಯಲ್ಲಿ ಏನಿರಬೇಕು

ನಮ್ಮ ಕಡೆ ಮುದ್ದೆ, ಅನ್ನ, ರೊಟ್ಟಿ, ನವಣೆ ಎಲ್ಲ ಹೊಟ್ಟೆ ತುಂಬಿಸುತ್ತವೆ. ಆದರೆ ಅವುಗಳಲ್ಲಿ ವಿಟಮಿನ್ ಎ ಇಲ್ಲದಷ್ಟು ಕಡಿಮೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಒಂದು ಮುಷ್ಟಿ ಮಂಡಕ್ಕಿ ಕೊಟ್ಟು ಮಗುವಿನ ಹಸಿವು ಮುಚ್ಚುವುದು ಎಲ್ಲ ಊರಲ್ಲೂ ಇದೆ. ಕಣ್ಣಿಗೆ ಅದರಿಂದ ಏನೂ ಸಿಗಲ್ಲ.

ಮಾಂಸ ತಿನ್ನುವ ಮನೆಯಲ್ಲಿ ಕುರಿ ಅಥವಾ ಕೋಳಿಯ ಲಿವರ್ ಎಲ್ಲಕ್ಕಿಂತ ಶಕ್ತಿಯುತ. ವಾರಕ್ಕೊಮ್ಮೆ ಒಂದು ಸಣ್ಣ ತುಂಡು ಚೆನ್ನಾಗಿ ಬೇಯಿಸಿ ಹಿಸುಕಿ ಕೊಟ್ಟರೆ ಸಾಕು. ಮೊಟ್ಟೆಯ ಹಳದಿ, ಹಾಲು, ಬೆಣ್ಣೆ, ತುಪ್ಪ ಒಳ್ಳೆಯದು. ಬೆಣ್ಣೆಗೆ ಹೆಸರಾದ ಊರು ನಮ್ಮದು, ಅದರಲ್ಲಿ ಅರ್ಧ ಚಮಚ ಸೊರಗಿದ ಮಗುವಿನ ಅನ್ನಕ್ಕೂ ಬೀಳಲಿ. ಸೊಪ್ಪಿನಲ್ಲಿ ನುಗ್ಗೆ, ಹರಿವೆ, ಮೆಂತ್ಯ, ಪಾಲಕ್, ಚಕ್ರಮುನಿ. ಹಣ್ಣು, ತರಕಾರಿಯಲ್ಲಿ ಪಪ್ಪಾಯಿ, ಮಾವು, ಸಿಹಿಗುಂಬಳ, ಕ್ಯಾರೆಟ್. ಒಳಗೆ ಕಿತ್ತಳೆ ಬಣ್ಣ ಇರುವ ಗೆಣಸಲ್ಲಿ ಇದು ಇದೆ, ಬಿಳಿ ಗೆಣಸಲ್ಲಿ ಇಲ್ಲ.

ಸೊಪ್ಪಿಗೆ ಎಣ್ಣೆ ಬೇಕೇ ಬೇಕು. ಜಿಡ್ಡು ಇಲ್ಲದೆ ಈ ವಿಟಮಿನ್ ಮೈಗೆ ಹತ್ತಲ್ಲ. ಚಮಚ ಎಣ್ಣೆಯಲ್ಲಿ ಬಾಡಿಸಿದ ನುಗ್ಗೆಸೊಪ್ಪನ್ನು ಬೇಳೆಯ ಜೊತೆ ಮೆತ್ತಗೆ ಬೇಯಿಸಿ, ನುಣ್ಣಗೆ ಹಿಸುಕಿ, ಅನ್ನದಲ್ಲಿ ಕಲಸಿ ಕೊಡಿ. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರಿನಂಥ ಒಣ ಸೀಮೆಯಲ್ಲಿ ಬೇಸಿಗೆಗೆ ಸೊಪ್ಪು ಸಿಗುವುದೇ ಕಷ್ಟ. ನುಗ್ಗೆ ಮರ ಆಗಲೂ ಎಲೆ ಕೊಡುತ್ತದೆ. ಬಚ್ಚಲ ನೀರು ಹರಿಯುವ ಕಡೆ ಒಂದು ಕೊಂಬೆ ನೆಟ್ಟರೂ ಬರುತ್ತದೆ. ಅಂಗಡಿಯಲ್ಲಿ ಎಣ್ಣೆ, ಹಾಲು ಕೊಳ್ಳುವಾಗ ‘+ಎಫ್’ ಗುರುತು ನೋಡಿ. ಆ ಗುರುತಿರುವ ಹಾಲು, ಎಣ್ಣೆಗೆ ವಿಟಮಿನ್ ಎ ಮತ್ತು ಡಿ ಸೇರಿಸಿರುತ್ತಾರೆ.

ಎಷ್ಟೇ ಒಳ್ಳೆಯ ಊಟವಾದರೂ ಈಗಾಗಲೇ ಕಣ್ಣಿಗೆ ಬಂದ ತೊಂದರೆಗೆ ಔಷಧಿಯ ಬದಲು ಆಗಲ್ಲ. ಸೊಪ್ಪು ತಿನ್ನಿಸಿ ನೋಡೋಣ ಅಂತ ಡೋಸ್ ತಡ ಮಾಡಬೇಡಿ.

ಹೆಜ್ಜೆ 10: ಮನೆಯ ಉಳಿದವರು, ಓಣಿಯ ಉಳಿದ ಮಕ್ಕಳು

ಒಂದು ಮಗುವಿಗೆ ಬಂದಿದೆ ಅಂದರೆ ಅದೇ ಒಲೆಯ ಊಟ ಉಣ್ಣುವ ಅಣ್ಣ, ತಂಗಿಯ ಕಣ್ಣನ್ನೂ ಅವತ್ತೇ ನೋಡಿ. ತಾಯಿ ಬಸುರಿಯಾಗಿದ್ದು ಅವಳಿಗೇ ಸಂಜೆ ಕಣ್ಣು ಮಂಜಾಗುತ್ತಿದ್ದರೆ ವೈದ್ಯರಿಗೆ ಹೇಳಿ. ಆದರೆ ಮಕ್ಕಳಿಗೆ ಕೊಡುವ ದೊಡ್ಡ ಡೋಸನ್ನು ಬಸುರಿಗೆ ಕೊಡಲೇಬಾರದು, ಹೊಟ್ಟೆಯ ಕೂಸಿಗೆ ಅಪಾಯ. ಅವಳಿಗೆ ಸಣ್ಣ ಪ್ರಮಾಣದ ಬೇರೆ ಲೆಕ್ಕ ಇದೆ.

ಸರ್ಕಾರದ ವಿಟಮಿನ್ ಎ ಕಾರ್ಯಕ್ರಮ 1970ರಿಂದ ನಡೆಯುತ್ತಿದೆ. ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆಯ ಜೊತೆ 1 ಲಕ್ಷ ಐಯು. ಒಂದೂವರೆ ವರ್ಷದ ಸುಮಾರಿಗೆ 2 ಲಕ್ಷ. ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ. ಒಟ್ಟು ಒಂಬತ್ತು ಡೋಸ್. ಮೊದಲೆರಡು ಲಸಿಕೆಯ ಜೊತೆ ಬರುವುದರಿಂದ ಸಾಮಾನ್ಯವಾಗಿ ಆಗುತ್ತವೆ. ಲಸಿಕೆ ಮುಗಿದ ಮೇಲೆ ತಾಯಿ ಆ ಕಡೆ ಬರುವುದು ಕಡಿಮೆ, ಆಗ ತಪ್ಪುತ್ತವೆ. ಸಿರಪ್ ಬಾಟಲಿ ತೆರೆದ ದಿನವನ್ನು ಅದರ ಮೇಲೇ ಬರೆಯಿರಿ. ಬೆಳಕು ಬೀಳದ ಕಡೆ ಇಡಿ. ಎಂಟು ವಾರದೊಳಗೆ ಮುಗಿಸಿ.

ತಾಂಡಾಗಳಿಂದ, ಹಟ್ಟಿಗಳಿಂದ ಕಾಫಿ ಸೀಮೆಗೆ, ಕಬ್ಬು ಕಡಿಯೋಕೆ ಗುಳೆ ಹೋಗುವ ಮನೆಗಳ ಮಕ್ಕಳು ಈ ಲೆಕ್ಕದಿಂದ ಪೂರ್ತಿ ಹೊರಗೆ ಉಳಿಯುತ್ತಾರೆ. ಅವರು ಗಂಟುಮೂಟೆ ಕಟ್ಟುವ ಮುಂಚಿನ ವಾರ ಮನೆಮನೆಗೆ ಹೋಗಿ ತೋಳು ಅಳೆಯಿರಿ, ಕಣ್ಣು ನೋಡಿ, ಡೋಸ್ ಬಾಕಿ ಇದ್ದರೆ ನರ್ಸ್‌ಗೆ ಹೇಳಿ ಹಾಕಿಸಿ. ತಾಯಿ ಕಾರ್ಡ್ ಅವರ ಜೊತೆಗೇ ಹೋಗಲಿ, ಮುಂದಿನ ಡೋಸ್ ಯಾವ ತಿಂಗಳು ಅನ್ನೋದನ್ನು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಅವರು ವಾಪಸ್ ಬಂದ ವಾರವೇ ಇನ್ನೊಮ್ಮೆ ಹೋಗಿ ಅದೇ ಮಕ್ಕಳ ಕಣ್ಣು ನೋಡಿ ಬನ್ನಿ.